ಕತ್ತರಿ ಅಕ್ಕನ ಬಿಸಿನೀರಿನ ತೊಟ್ಟಿ

ಮಗಳ ಮೊದಲ ಹಲ್ಲು, ಮೊದಲ ಮಾತು, ಮೊದಲ ಹೆಜ್ಜೆ ಎಲ್ಲ ಬರೆದಿಡೋಣವೆಂದು ನಾನು ಡೈರಿ ಶುರುಮಾಡಿದ್ದು. ಈಗ ಪುಟ ತಿರುವಿದರೆ ಎಲ್ಲಿ ನೋಡಿದರೂ ಅತ್ತೆಯೇ. "ಇವತ್ತು ಪುಟ್ಟಿ ನಿಂತಳು" ಎಂದು ಒಂದು ಸಾಲು ಇದ್ದರೆ, ಅವಳು ನಿಂತದ್ದನ್ನು ನೋಡಿ ಅತ್ತೆ ಏನೆಂದರು, ಯಾರಿಗೆಲ್ಲ ಫೋನ್ ಮಾಡಿದರು, ಯಾವ ಗಿರಾಕಿಯ ಅರ್ಧ ತಲೆ ಹಾಗೇ ಬಿಟ್ಟು ಓಡಿಬಂದರು ಎಂಬುದು ಒಂದು ಪುಟ. ಹೋಗಲಿ, ಡೈರಿಗೂ ಅವರೇ ಬೇಕೆನಿಸಿದರೆ ನಾನೇನು ಮಾಡಲಿ? ಈ ಸಲ ನೇರವಾಗಿ ಅವರ ಬಗ್ಗೆಯೇ ಬರೆದುಬಿಡುತ್ತೇನೆ.

ನಮ್ಮ ಬೀದಿಯಲ್ಲಿ ಅತ್ತೆಗೆ ಕತ್ತರಿ ಅಕ್ಕ ಎಂದೇ ಹೆಸರು. ಮನೆಯ ಮುಂದಿನ ಕೋಣೆಯೇ ಅವರ ಪಾರ್ಲರು. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಮೂಲೆಯಲ್ಲಿ ಕತ್ತು ಇಡಲು ಹಳ್ಳ ಮಾಡಿದ ತಲೆ ತೊಳೆಯುವ ಬೇಸಿನ್. ಕನ್ನಡಿ ಗೋಡೆಯ ಮೇಲೆ ಕೊಂಚ ತಗ್ಗಿನಲ್ಲೇ ಇದೆ. ಅತ್ತೆ ಕುಳ್ಳು ಎಂದು ಮಾವ ಅದನ್ನು ಹಾಗೆ ಮೊಳೆ ಹೊಡೆದು ತೂಗುಹಾಕಿದ್ದಂತೆ. "ಗಿರಾಕಿಗಳು ಬಗ್ಗಿ ನೋಡ್ಕೊಳ್ಳಲಿ, ನನ್ನ ಹೆಂಡ್ತಿ ಯಾಕೆ ತುದಿಗಾಲಲ್ಲಿ ನಿಲ್ಬೇಕು?" ಎಂದರಂತೆ. ಮಾವ ಈಗಿಲ್ಲ. ಉದ್ದನೆಯ ಹೆಂಗಸರು ಈಗಲೂ ಬಗ್ಗಿಯೇ ನೋಡಿಕೊಳ್ಳುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ.

ಪಾರ್ಲರಿನಲ್ಲಿ ಅತ್ತೆಯದು ಒಂದೇ ಕಾನೂನು: ತೊಳೆಯದ ತಲೆಗೆ ಕತ್ತರಿ ತಾಗಿಸುವುದಿಲ್ಲ.

"ಬೆಳಿಗ್ಗೆ ತಾನೆ ತಲೆಗೆ ಸ್ನಾನ ಮಾಡಿದೀನಿ ಅಕ್ಕಾ" ಎಂದು ಯಾರಾದರೂ ಹೇಳಿದರೆ, "ಅದು ನಿಮ್ಮ ಸಮಾಧಾನಕ್ಕೆ ಮಾಡಿದ್ದು. ಇದು ನನ್ನ ಕತ್ತರಿ ಸಮಾಧಾನಕ್ಕೆ. ಬನ್ನಿ, ಒರಗಿಕೊಳ್ಳಿ" ಎನ್ನುತ್ತಾರೆ. ಬೇಸಿನ್ನಿಗೆ ಒರಗಿದವರು ಆ ಬೆರಳುಗಳ ಕೆಳಗೆ ಎರಡೇ ನಿಮಿಷಕ್ಕೆ ಕಣ್ಣು ಮುಚ್ಚುತ್ತಾರೆ. ಆಮೇಲೆ ತಲೆಗೆ ಡ್ರೈಯರ್ ಹಿಡಿದರೆ ಅದರ ಗುಂಯ್ ಸದ್ದಿಗೆ ತೂಕಡಿಕೆ. ಒಬ್ಬರಂತೂ ಗೊರಕೆ ಹೊಡೆದು, ತಮ್ಮ ಗೊರಕೆಗೆ ತಾವೇ ಬೆಚ್ಚಿ ಎದ್ದು, "ಯಾರದು?" ಎಂದು ಕೇಳಿದ್ದೂ ಉಂಟು.

ಆ ಡ್ರೈಯರೇ ಅವರ ಬಲ ಭುಜವನ್ನು ತಿಂದದ್ದು. ವರ್ಷಗಟ್ಟಲೆ ತೋಳು ಎತ್ತಿ ಹಿಡಿದೂ ಹಿಡಿದೂ, ಕೊನೆಗೆ ತೋಳು ಕಿವಿಯ ಮಟ್ಟಕ್ಕೆ ಬಂದರೆ ಅಲ್ಲಿಗೇ ನಿಂತುಬಿಡುತ್ತಿತ್ತು. ಅತ್ತೆ ಬಾಯಿಬಿಟ್ಟು ಹೇಳಿದವರಲ್ಲ. ಗುಟ್ಟು ಬಿಟ್ಟುಕೊಟ್ಟದ್ದು ಬಿಸ್ಕತ್ತಿನ ಡಬ್ಬ. ಪುಟ್ಟಿಯ ಕೈಗೆ ಸಿಗದಿರಲೆಂದು ಅದನ್ನು ಅಡುಗೆಮನೆಯ ಮೇಲಿನ ಅಟ್ಟಣಿಗೆಯಲ್ಲಿ ಇಟ್ಟಿದ್ದೆವು. ಮೊದಲೆಲ್ಲ ನಾನು ಅತ್ತ ತಿರುಗಿದರೆ ಸಾಕು, ಅಜ್ಜಿ ಮೊಮ್ಮಗಳು ಕಳ್ಳರ ಹಾಗೆ ಡಬ್ಬ ಇಳಿಸುತ್ತಿದ್ದರು. ಒಂದು ದಿನ ಅತ್ತೆ, "ಇವಳೇ, ಆ ಡಬ್ಬ ಸ್ವಲ್ಪ ತೆಕ್ಕೊಡೇ" ಎಂದು ನನ್ನನ್ನೇ ಕೇಳಿದರು. ಕಳ್ಳರು ಬಂದು ಪೊಲೀಸರನ್ನೇ ಏಣಿ ಕೇಳಿದ ಹಾಗಾಯಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಮೂಳೆ ಡಾಕ್ಟರು ಒಂದಿಷ್ಟು ಮಾತ್ರೆ ಬರೆದುಕೊಟ್ಟು, "ಬಿಸಿನೀರಲ್ಲಿ ಭುಜ ಮುಳುಗಿಸಿ ದಿನಾ ತೋಳು ಆಡಿಸಿ" ಎಂದರು. ಬಕೆಟ್ಟಿನಲ್ಲಿ ಭುಜ ಮುಳುಗಿಸುವುದು ಹೇಗೆ? ದಾರಿ ತೋರಿಸಿದ್ದು ನನ್ನವರು. ಅವರು ಲಿಫ್ಟ್ ರಿಪೇರಿಯವರು. ಅವರು ಲಿಫ್ಟು ನೋಡಿಕೊಳ್ಳುತ್ತಿದ್ದ ವಸತಿಗೃಹವೊಂದು ಬಾಗಿಲು ಮುಚ್ಚುವಾಗ, ಅದರ ಮಾಲೀಕರು ಮಹಡಿಯಲ್ಲಿದ್ದ ಬಿಸಿನೀರಿನ ತೊಟ್ಟಿಯನ್ನು ತೋರಿಸಿ, "ಬೇಕಾದ್ರೆ ಹೊತ್ಕೊಂಡು ಹೋಗಪ್ಪ" ಎಂದರಂತೆ. ನಾಲ್ಕು ಜನ ಕೂರುವ ತೊಟ್ಟಿ, ಜೊತೆಗೆ ಪಂಪು, ಹೀಟರು, ದಪ್ಪನೆಯ ಮುಚ್ಚಳ. ಹಿತ್ತಿಲಲ್ಲಿ, ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಅದನ್ನು ಕೂರಿಸಿದರು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು.

ಅತ್ತೆಗೆ ಒಂಟಿಯಾಗಿ ಕಾಫಿ ಕುಡಿದೂ ಅಭ್ಯಾಸವಿಲ್ಲ, ಇನ್ನು ಒಂಟಿಯಾಗಿ ನೀರಲ್ಲಿ ಕೂರುತ್ತಾರೆಯೇ? ಮೊದಲ ವಾರದಲ್ಲೇ ಬೇಕರಿ ಅಕ್ಕನೂ ಟೀಚರಮ್ಮನೂ ಸೇರಿಕೊಂಡರು. ಬೇಕರಿ ಅಕ್ಕ ಬೆಳಗಿನ ಜಾವದಿಂದ ಹಿಟ್ಟು ನಾದಿ ಸೊಂಟ ಹಿಡಿಸಿಕೊಂಡವರು. ಟೀಚರಮ್ಮ ನಿವೃತ್ತರಾದರೂ ಬೀದಿಯ ಸಕಲರಿಗೂ ಇನ್ನೂ ಪಾಠ ಮಾಡುತ್ತಲೇ ಇರುವವರು. ಸಂಜೆ ಪಾರ್ಲರು ಮುಚ್ಚಿದ ಮೇಲೆ ಮೂವರೂ ಕತ್ತಿನವರೆಗೆ ನೀರಲ್ಲಿ ಕೂತರೆ, ಹಬೆಯ ನಡುವೆ ಮೂರು ತಲೆ ಮಾತ್ರ ಕಾಣುತ್ತಿದ್ದವು.

"ಇಡ್ಲಿ ಬೆಂದ್ವಾ?" ಎಂದು ನನ್ನವರು ಕೇಳುತ್ತಿದ್ದರು.

"ಚಟ್ನಿ ನೀನು ತಗೊಂಡ್ ಬಾ" ಎಂದು ಒಳಗಿಂದ ಉತ್ತರ ಬರುತ್ತಿತ್ತು.

ಪುಟ್ಟಿಗೆ ಮಾತ್ರ ತೊಟ್ಟಿಯೊಳಗೆ ಪ್ರವೇಶವಿಲ್ಲ. ಅಷ್ಟು ಬಿಸಿ ಚಿಕ್ಕ ಮಕ್ಕಳಿಗೆ ಆಗದೆಂದು ನಾನು ಮೊದಲ ದಿನವೇ ಗೆರೆ ಎಳೆದಿದ್ದೆ. ಅವಳು ಹೊರಗೆ ಸ್ಟೂಲಿನ ಮೇಲೆ ಕೂತು, ಅಜ್ಜಿಯ ತೋಳು ಮೇಲೆ ಬಂದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದಳು. ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದಾಗ ಅಡುಗೆಮನೆಯಿಂದ ಟಿನ್ನಿನ ಸದ್ದು, ಆಮೇಲೆ ಇಬ್ಬರ ಕಿಸಿಕಿಸಿ ನಗು. ಹೋಗಿ ನೋಡಿದರೆ ಡಬ್ಬ ಕೆಳಗಿದೆ, ಇಬ್ಬರ ಬಾಯಲ್ಲೂ ಬಿಸ್ಕತ್ತು. ಆ ದಿನ ಬೈಯುವ ಶಾಸ್ತ್ರವನ್ನೂ ನಾನು ಮಾಡಲಿಲ್ಲ. ಬಚ್ಚಲಿಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಎಲ್ಲ ಚೆನ್ನಾಗಿ ನಡೆಯುತ್ತಿರುವಾಗಲೇ ತುರಿಕೆ ಶುರುವಾಯಿತು.

ಮೊದಲು ಬೇಕರಿ ಅಕ್ಕನಿಗೆ. ಸೊಂಟದ ಸುತ್ತ, ಬೆನ್ನ ಮೇಲೆ, ಈಜುಡುಗೆ ಬಿಗಿಯಾಗಿ ಕೂರುವ ಕಡೆಯೆಲ್ಲ ಸಾಸಿವೆಯಷ್ಟು ಕೆಂಪು ಗುಳ್ಳೆ. "ಹೊಸಾ ಸೋಪಿನ ಪುಡಿ ಇರ್ಬೇಕು ಕಣೇ" ಎಂದರು ಅತ್ತೆ. ಎರಡು ದಿನದ ಮೇಲೆ ಟೀಚರಮ್ಮನಿಗೆ. "ಅವಳ ಬೇಕರಿ ಬನ್ ತಿಂದಿದ್ದಕ್ಕೇ" ಎಂದರು ಅವರು. "ನಾನು ಮಾಡಿದ ಬನ್ನು ತಿಂದು ಬೀದಿಯೆಲ್ಲಾ ಬದುಕಿದೆ, ನಿಮ್ಮ ಚರ್ಮಕ್ಕೆ ಮಾತ್ರ ಯಾಕೆ ಬಂತು ರೋಗ?" ಎಂದು ಬೇಕರಿ ಅಕ್ಕ ಕೆರೆದುಕೊಳ್ಳುತ್ತಲೇ ಜಗಳಕ್ಕೆ ನಿಂತರು. ಇಬ್ಬರೂ ಅರ್ಧ ದಿನ ಮಾತು ಬಿಟ್ಟರು. ಮೂರನೆಯದಾಗಿ ಅತ್ತೆಗೇ ಬಂದಾಗ, ಬನ್ನೂ ಅಲ್ಲ ಸೋಪೂ ಅಲ್ಲ ಎಂಬುದು ಎಲ್ಲರಿಗೂ ಹೊಳೆಯಿತು. ಆದರೆ ಬಾಯಿಬಿಟ್ಟು ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಕೊನೆಗೆ ಮನೆಯ ಸೊಸೆಯದೇ.

"ಅತ್ತೆ, ಮೂವರಿಗೂ ಸೇರಿ ಇರೋದು ಒಂದೇ. ಆ ನೀರು" ಎಂದೆ.

"ನೀರು ಕನ್ನಡಿ ಹಂಗಿದೆ. ತಳದಲ್ಲಿ ಸೂಜಿ ಬಿದ್ರೂ ಕಾಣತ್ತೆ" ಎಂದರು ಅತ್ತೆ. ಅವರ ಮುಖ ಮಾತ್ರ ಸಪ್ಪಗಾಗಿತ್ತು.

ಅವರನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ನಗುಮುಖದ ಹೆಂಗಸು. ಗುಳ್ಳೆಗಳನ್ನು ಭೂತಗಾಜಿನಲ್ಲಿ ನೋಡಿದ ಕೂಡಲೇ, "ಬಿಸಿನೀರಿನ ಟಬ್ಬಲ್ಲಿ ಕೂತಿದ್ರಾ ಅಮ್ಮಾ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅತ್ತೆ ನಿಜವಾಗಿಯೂ ತಮ್ಮ ಬಲ ಭುಜ ಮುಟ್ಟಿಕೊಂಡರು.

ಡಾಕ್ಟರು ಬಿಡಿಸಿ ಹೇಳಿದರು. ಬೆಚ್ಚಗಿನ ನೀರು ನಮಗೆ ಎಷ್ಟು ಹಿತವೋ ಕೆಲವು ಸೂಕ್ಷ್ಮಾಣುಗಳಿಗೂ ಅಷ್ಟೇ ಹಿತ. ನೀರಿಗೆ ಹಾಕುವ ಔಷಧಿ ಕ್ಲೋರಿನ್ನೂ ಬಿಸಿಯಲ್ಲಿ ಬೇಗ ಸವೆಯುತ್ತದೆ. ಔಷಧಿ ಸಾಲದೆ ಹೋದಾಗ ಅವು ಬೆಳೆದು, ಕೂದಲ ಬುಡದೊಳಗೆ ಇಳಿದು, ಅಲ್ಲಿ ಗುಳ್ಳೆ ಎಬ್ಬಿಸುತ್ತವೆ. ಒದ್ದೆ ಈಜುಡುಗೆ ಅಂಟಿಕೊಂಡ ಕಡೆ ಜಾಸ್ತಿ. ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಜ್ವರ ಬಂದರೆ, ಗುಳ್ಳೆ ಕೀವು ತುಂಬಿ ನೋವಾದರೆ ಮಾತ್ರ ಮತ್ತೆ ಬರಬೇಕು. "ಚರ್ಮಕ್ಕಿಂತ ಮೊದ್ಲು ನೀರಿಗೆ ಔಷಧಿ ಆಗ್ಬೇಕು" ಎಂದು ನಕ್ಕರು.

ಅತ್ತೆಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡರು. "ಕೂದಲ ಬುಡಕ್ಕೇ ಬಂತಲ್ಲೇ! ಜನ್ಮವೆಲ್ಲಾ ಕೂದಲ ಬುಡ ಕಾಯ್ದವಳು ನಾನು. ನನ್ನ ಮನೆ ನೀರಿಂದ, ಅದೂ ಕೂದಲ ಬುಡಕ್ಕೆ!"

ಸಂಜೆ ನನ್ನವರು ಎಲ್ಲ ಕೇಳಿಸಿಕೊಂಡು ಸ್ಪ್ಯಾನರ್ ಡಬ್ಬಿ ಎತ್ತಿಕೊಂಡರು. "ಅಮ್ಮಾ, ತೊಟ್ಟಿ ತಂದಿದ್ದು ನಿನ್ನ ಭುಜಕ್ಕೆ, ಬೀದಿಗೆ ತುರಿಕೆ ಹಂಚೋಕಲ್ಲ. ಮನೇಲಿ ಮಗು ಇದೆ. ತೆಗೆದುಬಿಡ್ತೀನಿ."

ಎದುರು ಮಾತಾಡದ ಅತ್ತೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವರು ಎಡಗೈಯಿಂದ ಬಲತೋಳನ್ನು ಹಿಡಿದುಕೊಂಡು ಅಡುಗೆಮನೆಯ ಅಟ್ಟಣಿಗೆಯ ಕಡೆ ನೋಡಿದರು, ಅಷ್ಟೇ.

"ರೀ, ಮಗೂಗೆ ತಲೆಹೇನು ಆದ್ರೆ ತಲೆ ತೆಗೀತೀರಾ?" ಎಂದೆ. "ಕಾರಣ ಹುಡುಕೋಣ. ಅಲ್ಲೀವರೆಗೆ ಯಾರೂ ನೀರಿಗಿಳಿಯೋದು ಬೇಡ."

ನನ್ನವರು ಸ್ಪ್ಯಾನರನ್ನು ಕೈಯಲ್ಲಿ ತೂಗಿ ನೋಡಿ, ಮತ್ತೆ ಡಬ್ಬಿಗೆ ಹಾಕಿದರು. "ಸರಿ. ಕಾರಣ ಸಿಕ್ಕಿ, ಆಮೇಲೂ ಒಬ್ಬರಿಗಾದ್ರೂ ಗುಳ್ಳೆ ಬಂದ್ರೆ ಮಾತಿಲ್ಲ. ತೊಟ್ಟಿ ಹೋಯ್ತು."

ಮಾರನೆಯ ದಿನವೇ ನೀರು ಪೂರ್ತಿ ಖಾಲಿ ಮಾಡಿದೆವು. ಮೂಗು ಕಟ್ಟಿಕೊಂಡು, ಕೈಗವಸು ಹಾಕಿಕೊಂಡು, ಒಳಗೋಡೆಯನ್ನೆಲ್ಲ ಉಜ್ಜಿದೆವು. ಕಣ್ಣಿಗೆ ಕನ್ನಡಿಯಂತೆ ಕಾಣುತ್ತಿದ್ದ ತೊಟ್ಟಿಯ ಗೋಡೆ ಬೆರಳಿಗೆ ಲೋಳೆಸರದಂತೆ ಜಾರುತ್ತಿತ್ತು. ಫಿಲ್ಟರ್ ಹೊರಗೆಳೆದರೆ ಅದರ ಮಡಿಕೆಗಳೊಳಗೆ ಬೂದುಬಣ್ಣದ ಜಿಡ್ಡು. ಅತ್ತೆ ಅದನ್ನು ಕಂಡು, "ಥೂ, ಇದರೊಳಗೆ ಕೂತು ನಾವು ಸೊಸೆಯಂದಿರ ಕೊಳೆ ತೊಳೀತಿದ್ವಾ!" ಎಂದರು. ಅಂದರೆ ಸಂಜೆಯ ಮಾತುಕತೆಯ ವಿಷಯ ಏನಿತ್ತೆಂದು ನನಗೆ ಆ ದಿನ ತಿಳಿಯಿತು!

ಹೊಸ ಫಿಲ್ಟರು, ಹೊಸ ಕ್ಲೋರಿನ್ ಗುಳಿಗೆ ತರಲು ಈಜುಕೊಳದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ಕೇಳಿದ್ದು, "ದಿನಾ ನೀರು ಪರೀಕ್ಷೆ ಮಾಡ್ತೀರಾ?" ಎಂದು.

"ಮಾಡ್ತೀನಿ. ಮೂಗಲ್ಲಿ" ಎಂದರು ಅತ್ತೆ, ಹೆಮ್ಮೆಯಿಂದ. "ಪಾರ್ಲರಲ್ಲಿ ಬಣ್ಣ ಕಲೆಸೋಳು ನಾನು. ಔಷಧಿ ಜಾಸ್ತಿ ಆಗಿದ್ರೆ ಮೂಗಿಗೆ ಹೊಡೆಯತ್ತೆ. ಘಾಟು ಬಂದ ದಿನ ಗುಳಿಗೆ ಕಮ್ಮಿ ಹಾಕ್ತೀನಿ."

ಅಂಗಡಿಯವರು ತಲೆ ಕೆರೆದುಕೊಂಡರು. "ಅಮ್ಮಾ, ಅಲ್ಲೇ ನೋಡಿ ಉಲ್ಟಾ ಆಗಿರೋದು. ಒಳ್ಳೇ ನೀರಿಗೆ ಅಷ್ಟು ಘಾಟಿರಲ್ಲ. ಆ ಘಾಟು ಕೊಳೆ ಜೊತೆ ಗುದ್ದಾಡಿ ಸುಸ್ತಾಗಿರೋ ಔಷಧೀದು. ಅದು ಬಂದಾಗ ನೀರಿಗೆ ಇನ್ನೂ ಔಷಧಿ ಬೇಕು ಅಂತ ಅರ್ಥ. ನನಗೂ ಇದು ಶುರೂನಲ್ಲಿ ಗೊತ್ತಿರ್ಲಿಲ್ಲ. ನಮ್ಮ ಮನೇವ್ರನ್ನೆಲ್ಲಾ ಒಂದು ಸಲ ತುರಿಸಿಬಿಟ್ಟಿದೀನಿ."

ಆ ಕೊನೆಯ ಮಾತಿಗೆ ಅತ್ತೆ ಅವರನ್ನು ಕೂಡಲೇ ಸ್ವಂತ ತಮ್ಮನನ್ನಾಗಿ ಮಾಡಿಕೊಂಡರು. "ನೋಡಪ್ಪಾ, ಹಂಗಾದ್ರೆ ನನ್ನ ಮೂಗಿಗೆ ರಿಟೈರ್‌ಮೆಂಟ್ ಕೊಟ್ಬಿಡ್ತೀನಿ" ಎಂದರು. ಮೈ ತೊಳೆದುಕೊಂಡೇ ನೀರಿಗಿಳಿಯಿರಿ ಎಂದು ಹೇಳಿ ಅಂಗಡಿಯವರು ಕಾಗದದ ಪಟ್ಟಿಗಳ ಒಂದು ಡಬ್ಬಿ ಕೊಟ್ಟರು. ಪಟ್ಟಿಯನ್ನು ನೀರಲ್ಲಿ ಅದ್ದಿದರೆ ಅದರ ಮೇಲಿನ ಚೌಕಗಳ ಬಣ್ಣ ಬದಲಾಗುತ್ತದೆ. ಒಂದು ಚೌಕ ಕ್ಲೋರಿನ್ನಿಗೆ: ಗಾಢ ನೇರಳೆಯಾದರೆ ಸಾಕಷ್ಟಿದೆ, ಬೆಳ್ಳಗೇ ಉಳಿದರೆ ಇಲ್ಲ. ಇನ್ನೊಂದು ನೀರಿನ ಹುಳಿ ಎಷ್ಟು, ಕ್ಷಾರ ಎಷ್ಟು ಎಂಬುದಕ್ಕೆ. ಅದು ಹದ ತಪ್ಪಿದರೆ ಔಷಧಿ ಇದ್ದೂ ಕೆಲಸ ಮಾಡುವುದಿಲ್ಲವಂತೆ. ಬಣ್ಣದ ವಿಷಯ ಬಂದ ಮೇಲೆ ಅತ್ತೆಗೆ ಹೇಳಿಕೊಡುವುದೇನಿದೆ? ಕಂದು ಬಣ್ಣದಲ್ಲೇ ಹತ್ತು ಬಗೆ ಗುರುತಿಸುವವರು. "ನೇರಳೆ ನನಗೆ ಬಿಡಿ" ಎಂದರು.

ಹೊಸ ನೀರು ತುಂಬಿತು. ಬೆಳಿಗ್ಗೆ ಪಟ್ಟಿ ಅದ್ದಿದರೆ ಒಳ್ಳೆಯ ನೇರಳೆ. ಅತ್ತೆ ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದರು. ಸಂಜೆ ಅದ್ದಿದರೆ ಹಾಲಿನಂತೆ ಬಿಳಿ.

ಯಾರೂ ನೀರಿಗಿಳಿದಿಲ್ಲ. ಮುಚ್ಚಳ ಹಾಕಿಯೇ ಇದೆ. ಗುಳಿಗೆ ಡಬ್ಬಿಯ ತುಂಬ ಇದೆ. ಮರುದಿನವೂ ಹಾಗೇ, ಬೆಳಿಗ್ಗೆ ನೇರಳೆ, ಸಂಜೆ ಬಿಳಿ. ನನ್ನವರು ಹೀಟರು ನೋಡಿದರು, ಪಂಪು ಬಿಚ್ಚಿ ಜೋಡಿಸಿದರು, ಪೈಪು ಊದಿದರು. ಎಲ್ಲ ಸರಿಯಾಗಿದೆ.

"ಔಷಧಿ ಯಾರು ಕುಡೀತಿದಾರೆ ಇಲ್ಲಿ?" ಎಂದು ಅವರು ಗೊಣಗಿದರೆ, ಪುಟ್ಟಿ ಬಾಯಿ ತೆರೆದು, ತಾನಲ್ಲ ಎಂದು ತೋರಿಸಿದಳು.

ಇತ್ತ ಅತ್ತೆಯ ತೋಳು ದಿನದಿನಕ್ಕೂ ಬಿಗಿಯುತ್ತಿತ್ತು. ಡ್ರೈಯರನ್ನು ಎಡಗೈಗೆ ಬದಲಾಯಿಸಿದ್ದರು. ಒಬ್ಬ ಗಿರಾಕಿಯ ಕೂದಲು ಒಂದೇ ಕಡೆ ಹಾರಿ ನಿಂತು, ಗಾಳಿಗೆ ಸಿಕ್ಕ ಗದ್ದೆಯಂತಾಗಿತ್ತು. "ಇದೇ ಈಗಿನ ಫ್ಯಾಷನ್ನು" ಎಂದು ಅತ್ತೆ ಒಪ್ಪಿಸಿಬಿಟ್ಟರು. ಆದರೆ ಆ ಹೆಂಗಸು ಹೋದ ಮೇಲೆ ಕುರ್ಚಿಯಲ್ಲಿ ಕೂತು, "ಕೈ ಏಳದ ಮೇಲೆ ಕತ್ತರಿ ಅಕ್ಕ ಏನು, ಬರೀ ಅಕ್ಕ" ಎಂದು ಕನ್ನಡಿಗೆ ಹೇಳಿಕೊಂಡದ್ದು ನನಗೆ ಕೇಳಿಸಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮಧ್ಯಾಹ್ನ, ಪುಟ್ಟಿಯನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ ನಾನು ಪಕ್ಕದಲ್ಲೇ ಅಡ್ಡಾಗಿದ್ದೆ. ಸಾಮಾನ್ಯವಾಗಿ ಆ ಹೊತ್ತಿಗೆ ನಾನು ಮುಂದಿನ ಕೋಣೆಯಲ್ಲಿ ಟವೆಲು ಮಡಿಸುತ್ತಿರುತ್ತೇನೆ. ಆ ದಿನ ತಲೆನೋವು. ಕಣ್ಣು ಮುಚ್ಚಿದೆ. ಎಷ್ಟು ನಿಶ್ಶಬ್ದ! ಪಕ್ಕದ ಮನೆಯ ಹೊಲಿಗೆ ಯಂತ್ರದ ಟಿಕಟಿಕ ಕೂಡ ಕೇಳುತ್ತಿತ್ತು. ತಟ್ಟನೆ ಕಣ್ಣು ಬಿಟ್ಟೆ. ಚಿಕ್ಕ ಮಕ್ಕಳಿರುವ ಮನೆಯ ತಾಯಂದಿರಿಗೆಲ್ಲ ಗೊತ್ತು, ಸದ್ದಾದರೆ ಚಿಂತೆಯಿಲ್ಲ, ಸದ್ದು ನಿಂತರೆ ಎದ್ದು ಓಡಬೇಕು. ಆದರೆ ಮಗಳು ಪಕ್ಕದಲ್ಲೇ ಮಲಗಿದ್ದಾಳೆ. ಹಾಗಾದರೆ ನಿಂತದ್ದು ಯಾವ ಸದ್ದು?

ಕಿಟಕಿಯಿಂದ ಬಗ್ಗಿ ನೋಡಿದೆ. ಅತ್ತೆ ಪಂಪಿನ ಸ್ವಿಚ್ಚಿನ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, "ಶ್! ಮಗು ಮಲಗಿದೆ!" ಎಂದರು.

ನಾನು ಹಿತ್ತಿಲಿಗೆ ಓಡಿದೆ. "ಅತ್ತೆ, ಪಂಪ್ ಆಫ್ ಮಾಡಿದ್ರಾ?"

"ಮತ್ತೆ? ಕಿಟಕಿ ಕೆಳಗೇ ಗುರ್ ಅಂತಿದ್ರೆ ಕೂಸು ಹೆಂಗೆ ಮಲಗತ್ತೆ?"

"ದಿನಾ ಮಾಡ್ತೀರಾ?"

"ಅವಳನ್ನ ಈ ಕೋಣೇಲಿ ಮಲಗಿಸೋಕೆ ಶುರು ಮಾಡಿದಾಗಿಂದ. ಅವಳೆದ್ದ ಮೇಲೆ ಹಾಕ್ತೀನಿ. ಒಂದೊಂದು ದಿನ ಮರೆತುಹೋಗತ್ತೆ, ಆಗ ಇವರೆಲ್ಲಾ ಬಂದ ಮೇಲೆ ಹಾಕ್ತೀನಿ. ಅದಕ್ಕೇನೀಗ?"

ಪುಟ್ಟಿಯನ್ನು ನಮ್ಮ ಕೋಣೆಯಿಂದ ಆ ಕೋಣೆಗೆ ಬದಲಾಯಿಸಿದ್ದು ಯಾವಾಗ ಎಂದು ಯೋಚಿಸಿದೆ. ತುರಿಕೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಔಷಧಿಯ ಗುಳಿಗೆ ಇರುವುದು ಪೈಪಿನ ದಾರಿಯಲ್ಲಿರುವ ಪುಟ್ಟ ಡಬ್ಬಿಯಲ್ಲಿ. ಪಂಪು ಓಡಿದರೆ ನೀರು ಅದರೊಳಗಿಂದ ಹಾದು, ಫಿಲ್ಟರಿನಲ್ಲಿ ಸೋಸಿಕೊಂಡು, ಔಷಧಿ ಕಲೆಸಿಕೊಂಡು ತೊಟ್ಟಿಗೆ ಬರುತ್ತದೆ. ಪಂಪು ನಿಂತರೆ ಗುಳಿಗೆ ಡಬ್ಬಿಯಲ್ಲೇ ಕೂತಿರುತ್ತದೆ, ನೀರು ಬೆಚ್ಚಗೆ ತೊಟ್ಟಿಯಲ್ಲೇ ಕೂತಿರುತ್ತದೆ, ಇದ್ದಬದ್ದ ಔಷಧಿ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಸಂಜೆ ಮೂವರು ಗೆಳತಿಯರೂ ಬಂದು ಆ ನೀರಿಗೇ ಇಳಿಯುತ್ತಿದ್ದರು.

ಇಷ್ಟನ್ನೂ ಹೇಳಿದಾಗ ಅತ್ತೆ ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತರು. "ಅಯ್ಯೋ ರಾಮ! ಮಗೂಗೆ ನಿದ್ದೆ ಬರ್ಲಿ ಅಂತ ಊರಿಗೆಲ್ಲಾ ನಿದ್ದೆ ಕೆಡಿಸಿದ್ನಾ?" ಆಮೇಲೆ ಮೆಲ್ಲಗೆ, "ಹಂಗಾದ್ರೆ ತೊಟ್ಟಿ ತೆಗೆಸೋದೇ ಸರಿ. ನನ್ನ ಭುಜಕ್ಕೋಸ್ಕರ ಕೂಸಿನ ನಿದ್ದೆ ಕೆಡಿಸೋಕಾಗಲ್ಲ" ಎಂದರು. ಮಾತು ಮುಗಿಸಿದ ದನಿ ಅದು.

ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು. "ಅತ್ತೆ, ನಿಮ್ಮ ಡ್ರೈಯರ್ ಕೆಳಗೆ ಈ ಬೀದೀಲಿ ಯಾರು ನಿದ್ದೆ ಮಾಡಿಲ್ಲ ಹೇಳಿ? ಅದೇನು ಗುಂಯ್ ಅನ್ನಲ್ವಾ? ಇವಳು ನಿಮ್ಮ ಮೊಮ್ಮಗಳು. ಹೊಟ್ಟೇಲಿದ್ದಾಗಿಂದ ಆ ಸದ್ದು ಕೇಳ್ಕೊಂಡೇ ಬೆಳೆದಿರೋದು."

"ಎದ್ರೆ?"

"ಎದ್ರೆ ಎತ್ಕೊಳ್ಳೋಣ."

ಅತ್ತೆ ಉಸಿರು ಬಿಗಿಹಿಡಿದು ಸ್ವಿಚ್ಚು ಒತ್ತಿದರು. ಪಂಪು ಗುರ್ ಎಂದಿತು. ನಾವಿಬ್ಬರೂ ತುದಿಗಾಲಲ್ಲಿ ಹೋಗಿ ಬಾಗಿಲ ಸಂದಿಯಿಂದ ಇಣುಕಿದೆವು. ಪುಟ್ಟಿ ಮಗ್ಗುಲು ಬದಲಿಸಿದಳು. ಒಂದು ಕಾಲು ಗೋಡೆಗೆ ಒದ್ದಳು. ಹೆಬ್ಬೆರಳು ಬಾಯಿಗಿಟ್ಟಳು. ಆಮೇಲೆ ನಿದ್ದೆ ಹೋದವಳು ಸಂಜೆ ಬೇಕರಿಯ ಸೈಕಲ್ಲಿನ ಗಂಟೆ ಕೇಳಿಸುವವರೆಗೂ ಏಳಲಿಲ್ಲ. ಅವಳು ಹಾಗೆ ಮಲಗಿದ್ದು ಅದೇ ಮೊದಲು. ಈಗಂತೂ ಪಂಪು ನಿಂತರೆ ಎಚ್ಚರವಾಗುತ್ತಾಳೆ.

ಆ ಸಂಜೆಯ ಪಟ್ಟಿ ನೇರಳೆ. ಅದರ ಮಾರನೆಯ ಸಂಜೆಯೂ ನೇರಳೆ. ಗುಳ್ಳೆಗಳೆಲ್ಲ ಒಣಗಿ ಮಾಯವಾಗಿದ್ದವು. ನನ್ನವರು ಸ್ವಿಚ್ಚಿನ ಮೇಲೆ ಒಂದು ಪುಟ್ಟ ಡಬ್ಬಿ ಬಡಿದು ಮುಚ್ಚಿ, "ಈಗ ಕರೀರಿ ನಿಮ್ಮ ಇಡ್ಲಿಗಳನ್ನ" ಎಂದರು.

ಬೇಕರಿ ಅಕ್ಕನೂ ಟೀಚರಮ್ಮನೂ ಓಡಿಬಂದರು. ಬೇಕರಿ ಅಕ್ಕ ಕೆಲಸದಿಂದ ನೇರ ಬಂದವರು, ಕತ್ತಿನ ಮೇಲೆ ಹಿಟ್ಟು, ಬೆವರು, ಸೊಂಟಕ್ಕೆ ತಿಕ್ಕಿಕೊಂಡ ನೋವಿನ ಎಣ್ಣೆ. ಟೀಚರಮ್ಮನ ಮೈತುಂಬ ಗಂಧದ ವಾಸನೆಯ ಕ್ರೀಮು. ಇಬ್ಬರೂ ಹಾಗೇ ಇಳಿದರು. ಹತ್ತೇ ನಿಮಿಷದಲ್ಲಿ ನೀರ ಮೇಲೆ ಬಿಳಿ ನೊರೆ ಎದ್ದಿತು. ಅತ್ತೆ ಪಟ್ಟಿ ಅದ್ದಿದರು. ನೇರಳೆ ಕಣ್ಣೆದುರಿಗೇ ಮಾಸಲಾಗಿತ್ತು.

ಪಟ್ಟಿ ಹಿಡಿದುಕೊಂಡೇ ಅತ್ತೆ ನನ್ನನ್ನು ಹಿತ್ತಿಲ ಬಾಗಿಲೊಳಕ್ಕೆ ಎಳೆದರು. "ಈ ಎಣ್ಣೆ, ಈ ಕ್ರೀಮು ಎಲ್ಲಾ ಔಷಧೀನ ತಿಂತಿದೆ, ಅಲ್ವೇನೇ?"

"ಹೌದು. ಮೈ ತೊಳ್ಕೊಂಡು ಇಳೀಬೇಕು ಅಂತ ಅಂಗಡಿಯವ್ರು ಹೇಳಿದ್ರಲ್ಲ."

"ಮನೆಗೆ ಬಂದೋರಿಗೆ ಮೊದ್ಲು ಮೈ ತೊಳ್ಕೊಂಡ್ ಬನ್ನಿ ಅಂತ ಹೇಳೋಕಾಗತ್ತಾ? ಏನಂದ್ಕೊಳ್ತಾರೆ?"

"ಪಾರ್ಲರಲ್ಲಿ ದಿನಾ ಹೇಳ್ತೀರಲ್ಲ."

"ಅವರು ಗಿರಾಕಿಗಳು ಕಣೇ, ಇವರು ಗೆಳತಿಯರು!"

ಹೊರಗೆ ನೊರೆಯಲ್ಲಿ ಕೂತ ಟೀಚರಮ್ಮ, "ಏನಿದು, ಬಟ್ಟೆ ಒಗೆಯೋ ನೀರಿನ ಥರ?" ಎಂದು ಕೂಗುತ್ತಿದ್ದರು. ಅತ್ತೆ ಒಮ್ಮೆ ಆ ನೊರೆ ನೋಡಿದರು, ಒಮ್ಮೆ ಸ್ಪ್ಯಾನರ್ ಡಬ್ಬಿ ಇಟ್ಟಿದ್ದ ಮೂಲೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲಿಗೆ ನಡೆದರು.

"ಏಳಿ ಇಬ್ಬರೂ. ಈಗ್ಲೇ ಏಳಿ."

"ಯಾಕೆ? ಇನ್ನೂ ಬೆಂದಿಲ್ಲ!" ಎಂದರು ಬೇಕರಿ ಅಕ್ಕ.

"ಇಷ್ಟು ವರ್ಷದಿಂದ ಗೆಳತಿಯರು, ಒಂದು ದಿನಾನಾದ್ರೂ ನಿಮ್ಮ ತಲೆ ಬೇಸಿನ್ನಲ್ಲಿಟ್ಟು ನಾನು ತೊಳೆದಿದೀನಾ? ಇಬ್ಬರೂ ಮನೇಲೇ ಕತ್ತರಿಸ್ಕೊಳ್ತೀರಿ, ಇಲಿ ಕಡಿದ ಹಂಗೆ. ಇವತ್ತಿಂದ ಕಾನೂನು. ಮೊದ್ಲು ಬಚ್ಚಲಲ್ಲಿ ಸೋಪ್ ಹಾಕಿ ಮೈ ತೊಳ್ಕೊಳ್ಳೋದು, ಆಮೇಲೆ ನನ್ನ ಬೇಸಿನ್ನು, ಆಮೇಲೆ ತೊಟ್ಟಿ. ತೊಳೀದ ತಲೆಗೆ ಕತ್ತರಿ ಇಲ್ಲ, ತೊಳೀದ ಮೈಗೆ ತೊಟ್ಟಿ ಇಲ್ಲ. ತಲೆ ನಾನೇ ತೊಳೀತೀನಿ. ಪುಕ್ಕಟೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಪುಕ್ಕಟೆನಾ?" ಎಂದರು ಟೀಚರಮ್ಮ. ನೀರಿನಿಂದ ಮೊದಲು ಎದ್ದವರೂ ಅವರೇ.

ಆ ನೀರನ್ನು ಆ ದಿನ ಯಾರೂ ಮತ್ತೆ ಮುಟ್ಟಲಿಲ್ಲ. ಫಿಲ್ಟರು ತೊಳೆದು, ಔಷಧಿ ಹಾಕಿ, ಪಟ್ಟಿ ಸರಿಯಾಗುವವರೆಗೆ ಕಾದೆವು. ಮಾರನೆಯ ಸಂಜೆಯಿಂದ ಹೊಸ ಕಾನೂನು. ಬೇಸಿನ್ನಿನಲ್ಲಿ ಒರಗಿದ ಬೇಕರಿ ಅಕ್ಕ ಕಣ್ಣು ಮುಚ್ಚಿ, "ತೊಟ್ಟಿ ಆಮೇಲೆ ನೋಡ್ಕೊಳ್ಳೋಣ, ಇದನ್ನ ಇನ್ನೊಂದು ಸ್ವಲ್ಪ ಹೊತ್ತು ಮಾಡೇ" ಎಂದರು. ತೊಟ್ಟಿಯಿಂದ ಎದ್ದ ಮೇಲೆ ಈಜುಡುಗೆಗಳನ್ನೂ ಬಚ್ಚಲಲ್ಲೇ ಬಿಚ್ಚಿಸಿ, ತೊಳೆಸಿ, ತಂತಿಯ ಮೇಲೆ ಹಾಕಿಸುತ್ತಾರೆ ಅತ್ತೆ. ನಮ್ಮ ಹಿತ್ತಿಲಲ್ಲಿ ಈಗ ದಿನವೂ ಮೂರು ಈಜುಡುಗೆ ಬಾವುಟಗಳಂತೆ ಹಾರುತ್ತವೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಬೇಕರಿ ಅಕ್ಕ ಫೋನ್ ಮಾಡಿ, "ಬಂತು ಕಣೇ! ಮತ್ತೆ ಬಂತು ಗುಳ್ಳೆ!" ಎಂದು ಕಿರುಚಿದರು. ಅತ್ತೆಯ ಕೈಯಿಂದ ಬಾಚಣಿಗೆ ಬಿತ್ತು. ನನ್ನವರು ತಿನ್ನುತ್ತಿದ್ದ ತಟ್ಟೆ ಬಿಟ್ಟು ಎದ್ದರು. ನಾವೆಲ್ಲ ಬೇಕರಿಗೆ ದಂಡೆತ್ತಿ ಹೋದೆವು. ಟೀಚರಮ್ಮ ಆಗಲೇ ಬಂದು ಕನ್ನಡಕ ಏರಿಸಿಕೊಂಡಿದ್ದರು. ಬೇಕರಿ ಅಕ್ಕ ತೋಳು ಚಾಚಿದರು. ಮೊಣಕೈಯ ಮೇಲೆ ಒಂದು ಗುಳ್ಳೆ. ಒಂದೇ ಒಂದು.

ಟೀಚರಮ್ಮ ಅದನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. ಅಷ್ಟರಲ್ಲಿ ಗುಂಯ್ ಎಂದು ಒಂದು ಸೊಳ್ಳೆ ಬಂದು ಅವರ ಮೂಗಿನ ಮೇಲೆಯೇ ಕೂತಿತು. ನನ್ನವರು ಚಪ್ಪಾಳೆ ತಟ್ಟಿ ಅದನ್ನು ಓಡಿಸಿ, "ಇವನನ್ನ ಮೊದ್ಲು ಸೋಪ್ ಹಾಕಿ ತೊಳೆದು ಕಳ್ಸಮ್ಮ" ಎಂದರು. ಬೇಕರಿಯಲ್ಲಿ ಬ್ರೆಡ್ಡಿಗೆ ನಿಂತವರೆಲ್ಲ ನಕ್ಕರು. ಅತ್ತೆ ಮಾತ್ರ ಬೆನ್ನು ತಿರುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

ಮನೆಗೆ ಬಂದು ನನ್ನವರು ಸ್ಪ್ಯಾನರ್ ಡಬ್ಬಿಯನ್ನು ಹಿತ್ತಿಲ ಮೂಲೆಯಿಂದ ಎತ್ತಿ ಕೆಲಸದ ಚೀಲಕ್ಕೆ ಹಾಕಿಕೊಂಡರು. ಅತ್ತೆ ನೋಡಿದರೂ ನೋಡದ ಹಾಗೆ ಇದ್ದರು.

ಇದನ್ನು ಬರೆಯುತ್ತಿರುವಾಗ ಮಧ್ಯಾಹ್ನ. ಕಿಟಕಿಯ ಕೆಳಗೆ ಪಂಪು ಗುರ್ ಎನ್ನುತ್ತಿದೆ, ಆ ಸದ್ದಿಗೆ ಪುಟ್ಟಿ ಮಲಗಿರಬೇಕು. ಮಲಗಿರಬೇಕಿತ್ತು. ಅಡುಗೆಮನೆಯಿಂದ ಟಿನ್ನಿನ ಸದ್ದು ಕೇಳುತ್ತಿದೆ. "ಮೆತ್ತಗೆ ಕಣೇ, ನಿಮ್ಮಮ್ಮ ಬರೀತಿದಾಳೆ" ಎಂಬ ಪಿಸುಮಾತೂ ಕೇಳುತ್ತಿದೆ. ನಾನು ಏಳುವುದಿಲ್ಲ. ಇಬ್ಬರೂ ಇನ್ನೊಂದೆರಡು ಬಿಸ್ಕತ್ತು ತಿಂದುಕೊಳ್ಳಲಿ.